ಎಂಟು ದಿನ ಉಳಿದ ಪ್ಲೇಟು

ಹೈದರಾಬಾದಿನ ಆ ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಮರಯ್ಯ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಬೇರೆಯವರು ನೋಡಿ ಮುಗಿಸಿದ ಪ್ಲೇಟುಗಳನ್ನು ಕುದಿಸಿ ಎಸೆಯುವುದು.

ರೋಗಿಯ ಕಫ, ಕೀವು, ಮೂತ್ರ, ಏನೇ ಬರಲಿ, ಅದರಲ್ಲಿ ಒಂದಿಷ್ಟನ್ನು ಅಂಗೈಯಗಲದ ಪ್ಲೇಟಿನ ಮೇಲೆ ಗೀಟು ಗೀಟಾಗಿ ತೀಡುತ್ತಾರೆ. ಪ್ಲೇಟಿನಲ್ಲಿ ಕುರಿಯ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಕೆಂಪು ಪದರ ಇರುತ್ತದೆ. ಅದನ್ನು ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಮರುದಿನವೋ ಅದರ ಮರುದಿನವೋ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ. ಎರಡು ದಿನವಾದರೂ ಏನೂ ಕಾಣದಿದ್ದರೆ ರಿಜಿಸ್ಟರಿನಲ್ಲಿ ‘ನೋ ಗ್ರೋತ್’ ಎಂದು ಬರೆದು ಪ್ಲೇಟನ್ನು ಹಳದಿ ಚೀಲಕ್ಕೆ ಹಾಕುತ್ತಾರೆ. ಅಲ್ಲಿಂದ ಮುಂದಿನದು ಅಮರಯ್ಯನದು. ಹಿಂದಿನ ಕೋಣೆಯಲ್ಲಿ ಆಳೆತ್ತರದ ಆಟೋಕ್ಲೇವ್ ಇದೆ. ಹಬೆಯ ಒತ್ತಡದಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಬೆಳೆದದ್ದು, ಬೆಳೆಯದೇ ಇದ್ದದ್ದು ಎಲ್ಲವೂ ಸಾಯುತ್ತದೆ. ಆಮೇಲೆ ಕರಗಿ ಮುದ್ದೆಯಾದ ಪ್ಲಾಸ್ಟಿಕ್ಕನ್ನು ಕಸದ ಗಾಡಿಗೆ ಕೊಡಬೇಕು.

ಆ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ಹಳಸಿದ ಸಾರನ್ನು ರಕ್ತದ ಜೊತೆ ಕುದಿಸಿದಂಥ ವಾಸನೆ ಅಲ್ಲಿ. ಸಂಜೆ ಮೆಹದಿಪಟ್ಟಣಂನ ಮನೆಗೆ ಬಂದ ಮೇಲೆ ಅಮರಯ್ಯ ತಲೆಯ ಮೇಲೆ ನೀರು ಹಾಕಿಕೊಳ್ಳದೆ ಹೆಂಡತಿ ನೀಲಾ ತಾಟು ಇಡುತ್ತಿರಲಿಲ್ಲ. ಅವನಿಗೂ ಅದು ಸರಿಯೆನಿಸುತ್ತಿತ್ತು.

ಅವನು ಹುಟ್ಟಿದ್ದು ಸೇಡಂ ಕಡೆಯ ಜಂಗಮರ ಮನೆಯಲ್ಲಿ. ಅಪ್ಪ ಊರೂರು ತಿರುಗಿ ಭಿಕ್ಷೆ ತರುತ್ತಿದ್ದ. ಮಗ ಇಪ್ಪತ್ತನೇ ವಯಸ್ಸಿಗೆ ಹೈದರಾಬಾದಿಗೆ ಬಂದು ಬೇಗಂ ಬಜಾರಿನ ಕಿರಾಣಿ ಅಂಗಡಿಗಳಲ್ಲಿ ಮೂಟೆ ಹೊತ್ತ. ಬೆನ್ನು ನೋಯತೊಡಗಿದಾಗ ಪರಿಚಯದವರೊಬ್ಬರು ಆಸ್ಪತ್ರೆಗೆ ಸೇರಿಸಿದರು. ತೆಲುಗು, ಹಿಂದಿ ಎರಡೂ ಬಂದವು. ಇಂಗ್ಲಿಷಿನಲ್ಲಿ ಅಂಕಿಗಳು ಬಂದವು, ಪ್ಲೇಟಿನ ಮೇಲೆ ಬರೆಯುವ ಹತ್ತಾರು ಪದಗಳ ಆಕಾರ ಗೊತ್ತಾಯಿತು. ಅದಕ್ಕಿಂತ ಹೆಚ್ಚಿನದನ್ನು ಅವನು ಬಯಸಲೂ ಇಲ್ಲ, ಯಾರೂ ಹೇಳಿಕೊಡಲೂ ಇಲ್ಲ.

ಎರಡು ಸಾವಿರದ ಇಪ್ಪತ್ಮೂರರ ಫೆಬ್ರುವರಿ ಕೊನೆಯಲ್ಲಿ ಒಂದು ಬೆಳಿಗ್ಗೆ, ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಡಬ್ಬಿ ಹಿಡಿದು ನಿಂತಿದ್ದಳು. ಒಳಗಿದ್ದ ಟೆಕ್ನಿಷಿಯನ್ ರವಿಶಂಕರ್ ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಇದು ನಡೆಯುವುದಿಲ್ಲ ಎಂದು ಹೇಳುತ್ತಿದ್ದ. ಅವಳು ತಲೆಯಾಡಿಸಿ ಮತ್ತೆ ಅದೇ ಡಬ್ಬಿಯನ್ನು ಮುಂದೆ ನೂಕುತ್ತಿದ್ದಳು. ಚೀಲ ಎತ್ತಿಕೊಂಡು ಹೋಗುತ್ತಿದ್ದ ಅಮರಯ್ಯನಿಗೆ ಅವಳು ತನ್ನಷ್ಟಕ್ಕೆ ಗೊಣಗಿಕೊಂಡ ಕನ್ನಡ ಕೇಳಿಸಿತು.

“ಉಗುಳು ಕೇಳಿದ್ರು, ತಂದೀನಿ. ಈಗ ಬ್ಯಾಡಂತಾರ. ಯಾಕಂತ ಒಬ್ಬರೂ ಹೇಳವಲ್ಲರು.”

ಅವನು ನಿಂತು, ಉಗುಳಲ್ಲ, ಎದೆಯೊಳಗಿಂದ ಕೆಮ್ಮಿ ತೆಗೆದ ಕಫ ಬೇಕು, ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಕೆಮ್ಮಬೇಕು ಎಂದು ತಿಳಿಸಿ ಹೇಳಿದ. ಅವಳಿಗೆ ಕಣ್ಣು ತುಂಬಿ ಬಂತು. ಹೆಸರು ಕೇಳಿದಳು. ಅಮರಯ್ಯ ಎಂದದ್ದೇ ತಡ, ಜಂಗಮರೆಂದು ತಿಳಿದು ಆ ಸಾಲಿನಲ್ಲೇ ಬಗ್ಗಿ ಅವನ ಕಾಲು ಮುಟ್ಟಿದಳು. ಕೈಯಲ್ಲಿ ಕೊಳಕಿನ ಚೀಲ ಹಿಡಿದು ನಿಂತಿದ್ದ ಅವನು ಹಿಂದೆ ಸರಿಯುವುದರೊಳಗೆ ಅದು ಆಗಿಹೋಗಿತ್ತು.

ಅವಳ ಹೆಸರು ಪಾರ್ವತೆಮ್ಮ. ಗುರುಮಠಕಲ್ ಹತ್ತಿರದ ಹಳ್ಳಿಯವಳು. ಮಗಳು ಭಾಗ್ಯಶ್ರೀಗೆ ಇಪ್ಪತ್ಮೂರು. ಅಳಿಯ ಅಂಬಾದಾಸ ಲಿಂಗಂಪಲ್ಲಿ ಕಡೆ ಏಳುತ್ತಿದ್ದ ದೊಡ್ಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು. ಭಾಗ್ಯಶ್ರೀ ಅಲ್ಲೇ ಹೊಸ ಕಾಂಕ್ರೀಟಿಗೆ ನೀರು ಹೊಡೆಯುತ್ತಿದ್ದಳು, ಮಣ್ಣು ಹೊರುತ್ತಿದ್ದಳು. ಎರಡು ವರ್ಷದ ಹಿಂದೆ ಕೀಲುಗಳು ಊದಿ, ಕೆನ್ನೆಯ ಮೇಲೆ ಕೆಂಪು ಬಂದು, ಕೊನೆಗೆ ಅದು ಲೂಪಸ್ ಎಂದು ಗೊತ್ತಾಯಿತು. ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ತಿನ್ನುವ ಕಾಯಿಲೆ. ಆ ಶಕ್ತಿಯನ್ನು ತಗ್ಗಿಸಲು ದಿನಾ ಸ್ಟೆರಾಯ್ಡ್ ಗುಳಿಗೆ. ಗುಳಿಗೆಯಿಂದ ಅವಳು ಚೇತರಿಸಿಕೊಂಡು ಮತ್ತೆ ಕೆಲಸಕ್ಕೂ ಹೋಗಿದ್ದಳು. ಈಗ ಜನವರಿಯಿಂದ ದಿನಾ ಸಂಜೆ ಜ್ವರ, ಕೆಮ್ಮು.

ಮರುದಿನ ಕಫ ಬಂತು. ಎರಡು ದಿನದ ಮೇಲೆ ರಿಜಿಸ್ಟರಿನಲ್ಲಿ ಎಂದಿನ ಎರಡು ಪದ ಬಂದವು. ಪಾರ್ವತೆಮ್ಮ ಹಿಂದಿನ ಬಾಗಿಲಿಗೆ ಬಂದು ಅಮರಯ್ಯನನ್ನು ಕೇಳಿದಳು. ಏನೂ ಬೆಳೆದಿಲ್ಲವಂತೆ ಎಂದು ಅವನು ಹೇಳಿದ.

“ಬೆಳದಿಲ್ಲಂದ್ರ ಚಲೋನೇ ಆತಲ್ರಿ ಅಯ್ಯಾರ.”

ಅವನೂ ಹೌದೆಂದ. ಆ ಪ್ಲೇಟನ್ನು ಅಂದು ಮಧ್ಯಾಹ್ನವೇ ಉಳಿದವುಗಳ ಜೊತೆ ಬೇಯಿಸಿದ.

ಜ್ವರ ಇಳಿಯಲಿಲ್ಲ. ಬ್ಯಾಕ್ಟೀರಿಯಾ ಇಲ್ಲವೆಂದ ಮೇಲೆ ಲೂಪಸ್ಸೇ ಕೆರಳಿರಬೇಕೆಂದು ವೈದ್ಯರು ಸ್ಟೆರಾಯ್ಡ್ ಹೆಚ್ಚಿಸಿದರು. ಒಂದು ವಾರ ಹಗುರವೆನಿಸಿತು, ಮತ್ತೆ ಏರಿತು. ಮಾರ್ಚಿನಲ್ಲಿ ಇನ್ನೊಮ್ಮೆ ಕಫ, ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಟಿಬಿ ಇರಬಹುದೆಂದು ಅದಕ್ಕೆ ಬೇರೆಯಾಗಿ ಮೂರು ಸಲ ಪರೀಕ್ಷೆ. ಎಲ್ಲದರಲ್ಲೂ ಏನೂ ಇಲ್ಲ. ಇಲ್ಲ ಎಂಬ ಮಾತು ಚಲೋನೇ ಎಂದು ಪಾರ್ವತೆಮ್ಮ ಆಮೇಲೆ ಹೇಳಲಿಲ್ಲ. ಏನೂ ಇಲ್ಲದಿದ್ದರೆ ಮಗಳು ದಿನದಿನಕ್ಕೆ ಯಾಕೆ ಸಣ್ಣಗಾಗುತ್ತಿದ್ದಾಳೆ ಎಂದು ಕೇಳುತ್ತಿದ್ದಳು. ಕೇಳಬೇಕಾದದ್ದು ವೈದ್ಯರನ್ನು. ಆದರೆ ಅವರು ರೌಂಡ್ಸಿಗೆ ಬಂದಾಗ ಅವಳ ಬಾಯಿಗೆ ಭಾಷೆ ಬರುತ್ತಿರಲಿಲ್ಲ. ಅಮರಯ್ಯನಿಗೆ ಭಾಷೆ ಇತ್ತು, ಉತ್ತರ ಇರಲಿಲ್ಲ.

ಏಪ್ರಿಲ್ ಕೊನೆಗೆ ಭಾಗ್ಯಶ್ರೀಯನ್ನು ವಾರ್ಡಿಗೆ ಸೇರಿಸಿಕೊಂಡರು. ಅಮರಯ್ಯ ಊಟದ ಹೊತ್ತಿನಲ್ಲಿ ಒಮ್ಮೆ ನೋಡಿಬಂದ. ಸ್ಟೆರಾಯ್ಡಿನಿಂದ ಮುಖ ದುಂಡಗೆ ಊದಿತ್ತು, ಕೈಕಾಲು ಕಡ್ಡಿಯಾಗಿದ್ದವು. ಆದರೆ ಮಾತಿಗೆ ಬರವಿರಲಿಲ್ಲ. ತಾನು ನೀರು ಹೊಡೆದ ಕಟ್ಟಡಗಳ ಅಂತಸ್ತುಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ನೂರ ಹದಿನಾರು ಆಗುತ್ತವೆ, ತಾನೇ ಲೆಕ್ಕ ಹಾಕಿದ್ದೇನೆ ಎಂದಳು. ಲಿಫ್ಟು ಕೂಡಿಸುವ ಹೊತ್ತಿಗೆ ತಮ್ಮ ಕೆಲಸ ಮುಗಿದಿರುತ್ತದೆ, ಹಾಗಾಗಿ ಎಲ್ಲವನ್ನೂ ಹತ್ತಿ ಇಳಿದದ್ದು ಕಾಲಿನಲ್ಲೇ ಎಂದು ನಕ್ಕಳು. ಆಮೇಲೆ ಅವನ ಕೆಲಸದ ಬಗ್ಗೆ ಕೇಳಿದಳು.

“ಅಯ್ಯಾರ, ಆ ಹುಳಾನೆಲ್ಲ ಕುದಸ್ತೀರಂತಲ್ಲ. ನಂದೂ ಕುದಸಿದ್ರೇನು?”

ಅವನು ಹೌದವ್ವ ಎಂದ. ಅವಳು ಪಾಪ ಅವು ಎಂದಳು. ಪಕ್ಕದ ಮಂಚದವರೂ ನಕ್ಕರು.

ಮೇ ಎರಡಕ್ಕೆ ನಾಲ್ಕನೇ ಸಲ ಕಫ ಬಂತು. ನಾಲ್ಕನೇ ತಾರೀಖು ಅದೇ ಎರಡು ಪದ. ವೈದ್ಯರು ಇನ್ನು ಕಾಯುವುದು ಬೇಡವೆಂದು, ಪರೀಕ್ಷೆಯಲ್ಲಿ ಸಿಗದ ಟಿಬಿ ಇರಬಹುದೆಂದು ಅದರ ಔಷಧಿ ಶುರು ಮಾಡಿ, ಆರನೇ ತಾರೀಖು ಮನೆಗೆ ಕಳಿಸಿದರು. ಪಾರ್ವತೆಮ್ಮ ಹೋಗುವ ಮುನ್ನ ಹಿಂದಿನ ಬಾಗಿಲಿಗೆ ಬಂದು ಹೇಳಿಹೋದಳು. ಊರಿಗೆ ಕರೆದೊಯ್ಯುತ್ತೇವೆ, ಲಿಂಗಂಪಲ್ಲಿಯ ನಮ್ಮ ತಗಡಿನ ಶೆಡ್ಡಿಗಿಂತ ಅಲ್ಲಿ ತಂಪು ಎಂದಳು.

ಅಷ್ಟರಲ್ಲಿ ನಾಲ್ಕನೇ ತಾರೀಖಿನ ಬೆಳಿಗ್ಗೆಯೇ ಆಟೋಕ್ಲೇವಿನ ಬಾಗಿಲಿನ ರಬ್ಬರು ಹರಿದು ಹಬೆ ಸೋರತೊಡಗಿತ್ತು. ಹೊಸ ರಬ್ಬರು ಬರುವವರೆಗೆ ಕೆಲಸ ನಿಲ್ಲಿಸಿ ಎಂದರು. ಅಮರಯ್ಯ ಹಳದಿ ಚೀಲಗಳ ಬಾಯಿ ಕಟ್ಟಿ, ಮೇಲೆ ತಾರೀಖು ಬರೆದು ಗೋಡೆಗೆ ಒರಗಿಸಿಟ್ಟ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಆ ಕೋಣೆ ತಾನೇ ಕಾವಿನ ಪೆಟ್ಟಿಗೆಯಾಗಿತ್ತು. ರಬ್ಬರು ಬಂದದ್ದು ಹನ್ನೆರಡನೇ ತಾರೀಖು, ಶುಕ್ರವಾರ.

ಹಳೆಯ ಚೀಲಗಳಿಂದ ಶುರು ಮಾಡಿದ. ಕಟ್ಟಿದ ಚೀಲ ಬಿಚ್ಚುವ ಹಾಗಿಲ್ಲ. ಆದರೆ ಒಂದು ಚೀಲ ಪ್ಲೇಟಿನ ಅಂಚಿಗೆ ಸಿಕ್ಕಿ ಉದ್ದಕ್ಕೂ ಹರಿದಿತ್ತು. ಗ್ಲೌಸು ಹಾಕಿಕೊಂಡು ಅದರಲ್ಲಿದ್ದ ಪ್ಲೇಟುಗಳನ್ನು ಇನ್ನೊಂದು ಚೀಲಕ್ಕೆ ತುಂಬಿಸುತ್ತಿದ್ದ. ಬಹಳಷ್ಟರಲ್ಲಿ ಬೂಷ್ಟು ಬಂದಿತ್ತು. ಒಂದರಲ್ಲಿ ಕೆಂಪು ಪದರ ಒಣಗಿ ಅಂಚು ಬಿಟ್ಟಿತ್ತು, ಅದರ ಮೇಲೆ ರವೆಯಷ್ಟೇ ಸಣ್ಣ ಬಿಳಿಯ ಚುಕ್ಕೆಗಳು, ಸುಣ್ಣದ ಪುಡಿ ಸಿಡಿದಂತೆ. ಬೂಷ್ಟಿನ ಹಾಗೆ ಎಲ್ಲೆಂದರಲ್ಲಿ ಇರಲಿಲ್ಲ. ತೀಡಿದ ಗೀಟಿನ ಮೇಲೆಯೇ ಸಾಲಾಗಿ ಇದ್ದವು. ತಳದಲ್ಲಿ ಬರೆದ ನಂಬರನ್ನು ಓದಿದ. ಪಾರ್ವತೆಮ್ಮ ಮಗಳ ಆಸ್ಪತ್ರೆ ಚೀಟಿಯನ್ನು ಅವನ ಮುಂದೆ ಎಷ್ಟು ಸಲ ಬಿಚ್ಚಿದ್ದಳೆಂದರೆ ನಂಬರು ಬಾಯಿಪಾಠವಾಗಿತ್ತು.

ಅದನ್ನು ಅವನು ಚೀಲಕ್ಕೆ ಹಾಕದೆ ಪಕ್ಕಕ್ಕಿಟ್ಟ. ಆಟೋಕ್ಲೇವ್ ಬಿಸಿಯಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಹಳದಿ ಚೀಲಕ್ಕೆ ಬಿದ್ದದ್ದನ್ನು ಅವನು ಯಾವತ್ತೂ ಒಳಗೆ ವಾಪಸು ಒಯ್ದಿರಲಿಲ್ಲ. ಹಾಗೆ ಮಾಡಿದರೆ ಕೆಲಸ ಹೋಗಬಹುದೆಂದೂ ಗೊತ್ತಿತ್ತು.

ಒಳಗೆ ತಂದ ಪ್ಲೇಟನ್ನು ರವಿಶಂಕರ್ ದೂರದಿಂದಲೇ ನೋಡಿ ತಲೆಯಲ್ಲಾಡಿಸಿದ. ಎಂಟು ದಿನ ಕಸದಲ್ಲಿ ಬಿದ್ದ ಪ್ಲೇಟಿನಲ್ಲಿ ಏನು ಬೇಕಾದರೂ ಬೆಳೆಯುತ್ತದೆ, ಅದಕ್ಕೆ ಅರ್ಥವಿಲ್ಲ ಎಂದ. ಅವನ ಮಾತು ತಪ್ಪಲ್ಲವೆಂದು ಅಮರಯ್ಯನಿಗೂ ಅನ್ನಿಸಿತು. ಆದರೂ ಡಾಕ್ಟರ್ ಕುಮುದಾ ಅವರ ಕೋಣೆಯ ಮುಂದೆ ಹೋಗಿ ನಿಂತ. ಕುಮುದಾ ಪ್ರಯೋಗಾಲಯದ ಮುಖ್ಯಸ್ಥೆ, ಮೈಸೂರಿನವರು. ಅವರೂ ಮೊದಲು ಹೇಳಿದ್ದು ಅದನ್ನೇ.

“ಕಸದ ಚೀಲದಿಂದ ಬಂದ ಪ್ಲೇಟಿನ ಮೇಲೆ ನಾನು ರಿಪೋರ್ಟ್ ಕೊಡೋಕಾಗಲ್ಲ ಅಮರಯ್ಯ. ಗಾಳಿಯಿಂದ ಬಂದು ಕೂತಿರಬಹುದು.”

“ಗಾಳಿದು ಆಗಿದ್ರ ಎಲ್ಲಾ ಕಡೆ ಇರತಿತ್ರಿ ಮೇಡಂ. ಇವು ಗೀಟಿನ ಮ್ಯಾಲಷ್ಟ ಅದಾವ.”

ಅವರು ಪ್ಲೇಟು ತೆಗೆದುಕೊಂಡು ಬೆಳಕಿಗೆ ಹಿಡಿದರು. ಎದ್ದು ಒಳಗೆ ಹೋಗಿ, ಸುರಕ್ಷತಾ ಪೆಟ್ಟಿಗೆಯೊಳಗೆ ಅದನ್ನಿಟ್ಟು ತಾವೇ ಒಂದು ಚುಕ್ಕೆಯನ್ನು ಕೆದಕಿದರು. ಅದು ಪದರಕ್ಕೆ ಕಚ್ಚಿಕೊಂಡಿತ್ತು, ಸುಲಭಕ್ಕೆ ಬರಲಿಲ್ಲ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಮರಯ್ಯ ಬಾಗಿಲಲ್ಲೇ ಇದ್ದ. ಅರ್ಧ ಗಂಟೆಯ ಮೇಲೆ ಅವನನ್ನು ಕರೆದು ಕೂರಿಸಿದರು. ಅವರು ಅವನನ್ನು ಕುರ್ಚಿಯ ಮೇಲೆ ಕೂರಿಸಿದ್ದು ಅದೇ ಮೊದಲು.

ಇದು ನೊಕಾರ್ಡಿಯಾ ಇರಬಹುದು ಎಂದರು. ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯಾ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಮಾಡದು. ಸ್ಟೆರಾಯ್ಡ್ ತಿನ್ನುವವರ ಎದೆಗೆ ಧೂಳಿನ ಜೊತೆ ಇಳಿದರೆ ಅಲ್ಲೇ ಮನೆ ಮಾಡುತ್ತದೆ, ಅಲ್ಲಿಂದ ಮಿದುಳಿಗೂ ಹೋಗುತ್ತದೆ. ನೋಡಲು ಟಿಬಿಯಂತೆಯೇ ಕಾಣುತ್ತದೆ, ಆದರೆ ಟಿಬಿಯ ಔಷಧಿಗೆ ಬಗ್ಗುವುದಿಲ್ಲ. ಟಿಬಿ ಪರೀಕ್ಷೆಯಲ್ಲಿ ಬಳಸುವ ಕಟು ಆಮ್ಲಕ್ಕೆ ಇದರ ಬಣ್ಣ ತೊಳೆದುಹೋಗುತ್ತದೆ, ತೆಳು ಆಮ್ಲವಾದರೆ ಮಾತ್ರ ನಿಲ್ಲುತ್ತದೆ. ಮತ್ತೆ, ಇದು ಬೆಳೆಯುವುದು ನಿಧಾನ. ಐದು ದಿನ, ಏಳು ದಿನ, ಕೆಲವೊಮ್ಮೆ ಎರಡು ವಾರ.

ಎರಡು ವಾರ ಎಂದಾಗ ಅವರು ಅವನ ಮುಖ ನೋಡಲಿಲ್ಲ. ಹಳೆಯ ನಾಲ್ಕು ಅರ್ಜಿಗಳನ್ನು ತರಿಸಿದರು. ರೋಗಿಯ ವಿವರ ಬರೆಯುವ ಜಾಗದಲ್ಲಿ ನಾಲ್ಕರಲ್ಲೂ ಇದ್ದದ್ದು ಜ್ವರ ಎಂಬ ಒಂದೇ ಪದ. ಲೂಪಸ್ ಎಂದಾಗಲಿ, ಸ್ಟೆರಾಯ್ಡ್ ಎಂದಾಗಲಿ ಯಾರೂ ಬರೆದಿರಲಿಲ್ಲ. ಬರೆದಿದ್ದರೆ ಪ್ಲೇಟನ್ನು ಹೆಚ್ಚು ದಿನ ಇಡುತ್ತಿದ್ದೆವು ಎಂದರು ಕುಮುದಾ. ಆಮೇಲೆ, ದಿನಕ್ಕೆ ಮುನ್ನೂರು ಬರುತ್ತವೆ, ಇಡುತ್ತಿದ್ದೆವೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ ಎಂದರು.

ಹೊಸ ಕಫ ಬೇಕಿತ್ತು. ವಾರ್ಡಿಗೆ ಫೋನ್ ಮಾಡಿದರೆ, ರೋಗಿ ಹೋಗಿ ಆರು ದಿನವಾಯಿತೆಂದರು. ಅರ್ಜಿಯ ಮೇಲಿದ್ದ ಅಂಬಾದಾಸನ ನಂಬರು ಬಂದ್ ಆಗಿತ್ತು. ಶನಿವಾರ ಕುಮುದಾ ಹತ್ತು ಸಲ ಪ್ರಯತ್ನಿಸಿದರು. ಲಿಂಗಂಪಲ್ಲಿಯ ಮೇಸ್ತ್ರಿಯೊಬ್ಬನ ನಂಬರು ಸಿಕ್ಕಿತು, ಅವನು ಅವರೆಲ್ಲ ಊರಿಗೆ ಹೋದರು ಎಂದನೇ ಹೊರತು ಅವನಿಗೆ ಬೇರೇನೂ ತಿಳಿದಿರಲಿಲ್ಲ. ಸಂಜೆ ಅಮರಯ್ಯ, ಊರು ನನಗೆ ಗೊತ್ತು, ನಾಳೆ ರಜೆ, ಹೋಗಿಬರುತ್ತೇನೆ ಎಂದ. ಕುಮುದಾ ಒಂದು ಕಾಗದದಲ್ಲಿ ವಿವರ ಬರೆದು, ರೋಗಿ ಆಸ್ಪತ್ರೆಗೆ ಬಂದ ಕೂಡಲೇ ತಮಗೆ ಫೋನ್ ಮಾಡಬೇಕೆಂದು ಸೇರಿಸಿ ಕೊಟ್ಟರು.

ಭಾನುವಾರ ಬೆಳಿಗ್ಗೆ ಮೆಹದಿಪಟ್ಟಣಂನಲ್ಲಿ ಬಸ್ ಹತ್ತಿದ. ಪರಿಗಿ, ಕೊಡಂಗಲ್ ದಾಟಿ ಗುರುಮಠಕಲ್ ಮುಟ್ಟುವಾಗ ಹನ್ನೊಂದಾಗಿತ್ತು. ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ. ತಾನು ಡಾಕ್ಟರಲ್ಲ, ಕಂಪೌಂಡರೂ ಅಲ್ಲ. ಇದು ಆ ರೋಗ ಅಲ್ಲದೆಯೂ ಇರಬಹುದು ಎಂದು ಮೇಡಂ ಎರಡು ಸಲ ಎಚ್ಚರಿಸಿದ್ದರು.

ಮನೆ ಸಿಕ್ಕಿತು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಭಾಗ್ಯಶ್ರೀ ಮಲಗಿದ್ದಳು. ಜಂಗಮ ಬಂದನೆಂದು ಪಾರ್ವತೆಮ್ಮ ಕಾಲಿಗೆ ನೀರು ತಂದಳು. ಅವನು ಬೇಡವೆನ್ನುವುದರೊಳಗೆ ಹಾಕಿಯೂಬಿಟ್ಟಳು. ಮೂರು ದಿನದಿಂದ ಮಗಳ ಬಲಗೈ ಏಳುತ್ತಿಲ್ಲ, ಒಂದು ಸಲ ಕೈಕಾಲು ಸೆಟೆದವು, ತಲೆ ಸಿಡಿಯುತ್ತದೆಂದು ಹಣೆಗೆ ಬಟ್ಟೆ ಕಟ್ಟಿದ್ದೇವೆ ಎಂದಳು. ಅಮರಯ್ಯ ಹತ್ತಿರ ಹೋಗಿ ಹೇಗಿದ್ದೀಯವ್ವ ಎಂದು ಕೇಳಿದ. ಭಾಗ್ಯಶ್ರೀ ಅವನ ಗುರುತು ಹಿಡಿದಳು. ಏನೋ ಹೇಳಲು ಹೋದಳು, ಬೇಕಾದ ಮಾತು ಸಿಗಲಿಲ್ಲ. ತಂಬಿಗೆಯ ಕಡೆ ಕಣ್ಣು ಹೊರಳಿಸಿ “ಕಲ್ಲು, ಕಲ್ಲು” ಎಂದಳು. ನೀರು ಕೇಳುತ್ತಿದ್ದಾಳೆಂದು ತಾಯಿಗೆ ಗೊತ್ತಾಯಿತು. ತಪ್ಪು ಮಾತು ಬಂತೆಂದು ಮಗಳಿಗೂ ಗೊತ್ತಾಗಿ ಅವಳು ಕಣ್ಣು ಮುಚ್ಚಿಕೊಂಡಳು.

ಅಂಬಾದಾಸ ಗೋಡೆಗೆ ಒರಗಿ ಕೂತಿದ್ದ. ಅವನ ಫೋನು ಬರುವಾಗ ರೈಲಿನಲ್ಲಿ ಕಳೆದಿತ್ತು. ಅಮರಯ್ಯ ಹೇಳುವುದನ್ನೆಲ್ಲ ಕೇಳಿ ಅವನು ತಲೆಯೆತ್ತದೆ ಕೇಳಿದ.

“ಮತ್ತ ಅಲ್ಲಿಗೇ ಹೋಗೂದೇನ್ರಿ? ನಾಕು ತಿಂಗಳು ತಿರಗ್ಯಾಡಿದಿವಿ. ರೋಗದ ಹೆಸರು ಒಬ್ಬರೂ ಹೇಳಲಿಲ್ಲ. ಈಗ ನಿಮಗ ಗೊತ್ತಾಗ್ಯದೇನು?”

“ನನಗೇನೂ ಗೊತ್ತಿಲ್ಲಪ್ಪಾ. ಮೇಡಂಗೂ ಇನ್ನಾ ಖಾತ್ರಿ ಇಲ್ಲ. ಮತ್ತೊಮ್ಮೆ ನೋಡಬೇಕಂತಾರ, ಅಷ್ಟ.”

ಇಷ್ಟು ಬಡವಾದ ಮಾತನ್ನು ನಂಬಿ ಯಾರು ಬರುತ್ತಾರೆ ಎಂದು ಅವನಿಗೇ ಅನ್ನಿಸಿತು. ಆದರೆ ಪಾರ್ವತೆಮ್ಮ ಆಗಲೇ ಒಳಗೆ ಹೋಗಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಅಯ್ಯನವರು ತಾವಾಗಿ ಮನೆ ಬಾಗಿಲಿಗೆ ಬಂದಿದ್ದಾರೆ, ಇನ್ನು ಮಗಳಿಗೆ ಏನೂ ಆಗುವುದಿಲ್ಲ ಎಂದು ಅಳಿಯನಿಗೆ ಹೇಳಿದಳು. ಆ ಮಾತಿಗೆ ಅಮರಯ್ಯ ಹೆದರಿದ. ಹಾಗನ್ನಬೇಡವ್ವ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ಊರಿನ ಜೀಪೊಂದರಲ್ಲಿ ಭಾಗ್ಯಶ್ರೀಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಷ್ಟು ದೂರವೂ ಅವಳು ಅವನತ್ತಲೇ ನೋಡುತ್ತ ಬಂದಳು.

ಕುಮುದಾ ಭಾನುವಾರವೂ ಆಸ್ಪತ್ರೆಗೆ ಬಂದಿದ್ದರು. ತಲೆಯ ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದಲ್ಲಿ ಮೂರು ಕೀವಿನ ಗಂಟುಗಳು ಕಂಡವು. ಎದೆಯಿಂದ, ಮಿದುಳಿನ ದೊಡ್ಡ ಗಂಟಿನಿಂದ ಸ್ಯಾಂಪಲ್ ತೆಗೆದರು. ಈ ಸಲ ಅರ್ಜಿಯ ಮೇಲೆ ಕುಮುದಾ ತಾವೇ ಕೆಂಪು ಶಾಯಿಯಲ್ಲಿ ಲೂಪಸ್, ಸ್ಟೆರಾಯ್ಡ್ ಎಂದು ಬರೆದರು. ಬೆಳೆಯುವುದನ್ನು ಕಾಯದೆ, ಅನುಮಾನದ ಮೇಲೆಯೇ ಔಷಧಿ ಶುರುವಾಯಿತು. ಅದರಲ್ಲಿ ಮುಖ್ಯವಾದದ್ದು ಬಹಳ ಹಳೆಯ, ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು ಎಂದು ಅಮರಯ್ಯನಿಗೆ ಆಗ ತಿಳಿಯಿತು.

ಅವನು ದಿನಾ ಬೆಳಿಗ್ಗೆ ಕಾವಿನ ಪೆಟ್ಟಿಗೆಯ ಗಾಜಿನಾಚೆಯಿಂದ ಆ ಪ್ಲೇಟುಗಳನ್ನು ನೋಡುತ್ತಿದ್ದ. ಎರಡನೇ ದಿನ ಏನೂ ಇಲ್ಲ. ಮೂರು, ನಾಲ್ಕು, ಐದು, ಏನೂ ಇಲ್ಲ. ಆರನೇ ದಿನ ಗೀಟಿನ ಮೇಲೆ ಸೂಜಿಮೊನೆಯಷ್ಟು ಬಿಳುಪು. ಕುಮುದಾ ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತೋರಿಸಿದರು. ನೀಲಿಯ ನಡುವೆ ತೆಳ್ಳನೆಯ ಗುಲಾಬಿ ಎಳೆಗಳು ಕವಲೊಡೆದು ಹಬ್ಬಿದ್ದವು. ಇಷ್ಟು ವರ್ಷ ಅವನು ಕುದಿಸಿದ್ದು ಏನನ್ನು ಎಂದು ಕಣ್ಣಿಂದ ಕಂಡದ್ದು ಅಂದೇ. ಹೆಸರು ಖಾತ್ರಿಯಾಯಿತು. ಟಿಬಿ ಔಷಧಿ ನಿಲ್ಲಿಸಿದರು.

ಜ್ವರ ಹತ್ತನೇ ದಿನಕ್ಕೆ ಬಿಟ್ಟಿತು. ಕೆಮ್ಮು ಇಳಿಯಿತು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಮೈ ಸ್ವಲ್ಪ ಚೇತರಿಸಿಕೊಂಡಿತು. ಆದರೆ ಬಲಗೈ ಏಳಲಿಲ್ಲ. ಮಾತು ಬರಲಿಲ್ಲ. ಮೊದಮೊದಲು ತಪ್ಪು ಪದವಾದರೂ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಎಲ್ಲವೂ ಅವಳಿಗೆ ಅರ್ಥವಾಗುತ್ತಿತ್ತು. ಅದನ್ನು ನೋಡುವುದೇ ಹೆಚ್ಚು ಕಷ್ಟವಾಗಿತ್ತು. ಮಿದುಳಿನ ಆ ಭಾಗ ಬಹಳ ದಿನ ಕೀವಿನಲ್ಲಿತ್ತು, ತಿರುಗಿ ಎಷ್ಟು ಬರುತ್ತದೆಂದು ಹೇಳಲಾಗದು ಎಂದರು ವೈದ್ಯರು.

ಒಂದು ಮಧ್ಯಾಹ್ನ ಅಮರಯ್ಯ ವಾರ್ಡಿಗೆ ಹೋದಾಗ ಪಾರ್ವತೆಮ್ಮ ಮಗಳ ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುತ್ತಿದ್ದಳು. ತಲೆಯೆತ್ತದೆ ಕೇಳಿದಳು.

“ಫೆಬ್ರುವರಿದಾಗ ಮೊದಲ ಸಲ ಕೊಟ್ಟಿದ್ವಿ ನೋಡ್ರಿ. ಅದರಾಗೂ ಇತ್ತೇನ್ರಿ ಅಯ್ಯಾರ?”

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

“ಗೊತ್ತಿಲ್ಲವ್ವ. ಎರಡು ದಿನಕ್ಕ ನಾನೇ ಕುದಿಸಿ ಹಾಕಿದೆ. ಇನ್ನಾ ನಾಕು ದಿನ ಬಿಟ್ಟಿದ್ರ ತಿಳೀತಿತ್ತೋ ಏನೋ.”

ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದಳು. ಬೈಯಲಿಲ್ಲ, ನಿಮ್ಮ ತಪ್ಪೇನು ಎಂದೂ ಹೇಳಲಿಲ್ಲ. ಅಮರಯ್ಯ ಕೆಳಗೆ ಬಂದ. ಅಂದು ಸಂಜೆ ನೀಲಾಗೆ ಇದನ್ನು ಹೇಳಿದಾಗ ಅವಳು ಈ ಕೆಲಸ ಬಿಟ್ಟುಬಿಡಿ ಎಂದಳು. ಬಿಟ್ಟರೆ ನಾಳೆ ಇನ್ನೊಬ್ಬ ಬಂದು ಕುದಿಸುತ್ತಾನೆ ಎಂದು ಅವನು ಹೇಳಿದ.

ಕುಮುದಾ ಹೊಸ ನಿಯಮ ತಂದರು. ಸ್ಟೆರಾಯ್ಡ್ ತಿನ್ನುವವರು, ಕಿಡ್ನಿ ಬದಲಿಸಿಕೊಂಡವರು, ಕ್ಯಾನ್ಸರ್ ಔಷಧಿಯಲ್ಲಿರುವವರು ಎಂದು ಅರ್ಜಿಯಲ್ಲಿ ಬರೆದಿದ್ದರೆ ಆ ಪ್ಲೇಟನ್ನು ಎರಡು ವಾರ ಇಡಬೇಕು. ಪೆಟ್ಟಿಗೆಯಲ್ಲಿ ಒಂದು ಗೂಡನ್ನು ಅದಕ್ಕೆಂದೇ ಬಿಟ್ಟರು. ಮೊದಲ ತಿಂಗಳು ಹಾಗೆ ಬರೆದು ಬಂದ ಅರ್ಜಿಗಳು ಹನ್ನೊಂದು. ಉಳಿದ ಸಾವಿರಾರು ಅರ್ಜಿಗಳಲ್ಲಿ ಆ ಜಾಗ ಖಾಲಿ, ಇಲ್ಲವೇ ಜ್ವರ ಎಂಬ ಒಂದು ಪದ. ವಾರ್ಡುಗಳಿಗೆ ಪತ್ರ ಬರೆದರು, ಸಭೆ ಕರೆದರು. ಅಲ್ಲಿನ ವೈದ್ಯರಿಗೂ ಒಬ್ಬೊಬ್ಬರಿಗೆ ಅರವತ್ತು ರೋಗಿಗಳು. ಅಮರಯ್ಯ ಚೀಲ ತುಂಬುವಾಗ ಈಗ ಪ್ರತಿ ಪ್ಲೇಟನ್ನೂ ಬೆಳಕಿಗೆ ಹಿಡಿದು ನೋಡುತ್ತಾನೆ. ಎರಡು ದಿನದ ಪ್ಲೇಟಿನಲ್ಲಿ ನೋಡಲು ಏನೂ ಇರುವುದಿಲ್ಲ, ಅದು ಅವನಿಗೂ ಗೊತ್ತು. ರವಿಶಂಕರ್ ಮೊದಲು ನಗುತ್ತಿದ್ದ, ಈಗ ಸುಮ್ಮನಿರುತ್ತಾನೆ.

ಜುಲೈಯಲ್ಲಿ ಭಾಗ್ಯಶ್ರೀಯನ್ನು ಊರಿಗೆ ಕರೆದೊಯ್ದರು. ಒಂದು ವರ್ಷ ಗುಳಿಗೆ ನುಂಗಬೇಕು. ಅಂಬಾದಾಸ ಲಿಂಗಂಪಲ್ಲಿಗೆ ವಾಪಸು ಬಂದು ಬೇರೊಂದು ಕಟ್ಟಡಕ್ಕೆ ಸೇರಿದ.

ದೀಪಾವಳಿಯ ಮರುವಾರ, ಆಟೋಕ್ಲೇವಿನ ಮುಂದೆ ನಿಂತಿದ್ದಾಗ ಪಾರ್ವತೆಮ್ಮನ ಫೋನ್ ಬಂತು. ಮಗಳು ಊಟ ಮಾಡುತ್ತಾಳೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾಳೆ ಎಂದಳು. ಪರಿಚಯದವರು ಮಾತಾಡಿಸುತ್ತಿದ್ದರೆ ಮಾತು ತಿರುಗಿ ಬರುತ್ತದೆಂದು ಯಾರೋ ಹೇಳಿದ್ದಾರಂತೆ. ನೀವೂ ಎರಡು ಮಾತಾಡಿರಿ ಎಂದು ಅವನು ಏನನ್ನುವ ಮೊದಲೇ ಫೋನನ್ನು ಮಗಳ ಕಿವಿಗೆ ಇಟ್ಟಳು.

ನಾನವ್ವ, ಅಮರಯ್ಯ ಎಂದ. ಬೆಳಿಗ್ಗೆ ಏನು ತಿಂದೆನೆಂದು ಹೇಳಿದ. ನೀಲಾಗೆ ಮೊಣಕಾಲು ನೋವು ಎಂದ. ಲಿಂಗಂಪಲ್ಲಿಯಲ್ಲಿ ಅಂಬಾದಾಸನನ್ನು ಕಂಡೆ, ಚೆನ್ನಾಗಿದ್ದಾನೆ ಎಂದ. ಆ ಕಡೆಯಿಂದ ಉಸಿರಷ್ಟೇ ಕೇಳುತ್ತಿತ್ತು. ನಡುವೆ ಒಮ್ಮೆ ಉಸಿರು ಬಿಗಿಯಾಗಿ, ಅವಳು ಏನೋ ಹೇಳಲು ಹೊರಟಂತಾಯಿತು. ಅವನು ಮಾತು ನಿಲ್ಲಿಸಿ ಕಾದ. ಬಹಳ ಹೊತ್ತು ಕಾದ. ಆಮೇಲೆ ಬೇರೆ ದಾರಿ ಕಾಣದೆ, ಇವತ್ತು ಇಲ್ಲಿ ಮೋಡ ಮುಸುಕಿದೆ ಎಂದು ಮತ್ತೆ ಹೇಳತೊಡಗಿದ.